ರೂಟರ್ ಫೈರ್‌ವಾಲ್: ನಿಯಮಕ್ಕಿಂತ ಮೊದಲು ಪ್ಯಾಕೆಟ್ಟಿನ ದಾರಿ

ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಹೇಳುವ ಫೈರ್‌ವಾಲ್ ಪಟ್ಟಿಯಲ್ಲಿ ಮೂವತ್ತು ನಿಯಮಗಳಿದ್ದೂ ರೂಟರ್ ಹಾರು ಹೊಡೆದುಕೊಂಡೇ ಇರಬಹುದು. ನಿಯಮದಲ್ಲಿ ಅಕ್ಷರ ತಪ್ಪಾಗಿ ಹೀಗಾಗುವುದು ಅಪರೂಪ. ಹೆಚ್ಚಾಗಿ ಪ್ಯಾಕೆಟ್, ಅಂದರೆ ಜಾಲದಲ್ಲಿ ಓಡಾಡುವ ಮಾಹಿತಿಯ ತುಣುಕು, ಆ ನಿಯಮದ ಹತ್ತಿರಕ್ಕೇ ಸುಳಿದಿರುವುದಿಲ್ಲ. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ ಉದ್ದ ಪಟ್ಟಿಗಳ ಹಣೆಬರಹ ಬಹುಪಾಲು ಇದೇ. ಒಂದು ಹೋಂಸ್ಟೇಗೋ ಸಣ್ಣ ಕಚೇರಿಗೋ ಬೇಕಾಗುವ ನಿಯಮಗಳು ಹದಿನೈದರ ಆಸುಪಾಸಿನಲ್ಲಿ ಮುಗಿಯುತ್ತವೆ. ಅವನ್ನು ಎಲ್ಲಿ, ಯಾವ ಕ್ರಮದಲ್ಲಿ ಇಡುತ್ತೀರಿ ಎನ್ನುವುದರಲ್ಲೇ ಕೆಲಸವೆಲ್ಲ ಇರುವುದು.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ಒಂದು ಹೋಂಸ್ಟೇಯನ್ನು ಲೆಕ್ಕಕ್ಕೆ ಹಿಡಿಯೋಣ. ಅಡಿಕೆ ತೋಟದ ಮನೆ, ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಒಣಗುವ ಅಡಿಕೆ, ಅದಕ್ಕೆ ನಾಲ್ಕು ಕ್ಯಾಮೆರಾ ಕಾವಲು. ಫೈಬರ್ ಬಂದು ಸೇರುವ ಓಎನ್‌ಟಿ ಡಬ್ಬಿ ಬ್ರಿಡ್ಜ್ ಮೋಡ್‌ನಲ್ಲಿದೆ, ಅಂದರೆ ತಾನು ಲಾಗಿನ್ ಆಗದೆ ಬಂದದ್ದನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆ. ಅದರಿಂದ ಒಂದು ಕೇಬಲ್ ಮೈಕ್ರೋಟಿಕ್ ರೂಟರಿನ ಈಥರ್1 ಪೋರ್ಟಿಗೆ ಬಂದಿದೆ, ಫೈಬರ್ ಕಂಪನಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಡುವ ಪಿಪಿಪಿಒಇ ಲಾಗಿನ್ ರೂಟರಿನಲ್ಲೇ ಆಗುತ್ತದೆ. ಮನೆಯ ಜಾಲ 192.168.88.0/24. ಅದರಲ್ಲಿ ಬಿಲ್ಲಿಂಗ್ ಕಂಪ್ಯೂಟರ್ 192.168.88.10, ಕ್ಯಾಮೆರಾ ರೆಕಾರ್ಡರ್ 192.168.88.20. ಅತಿಥಿಗಳ ವೈಫೈ ಬೇರೆಯಾಗಿಟ್ಟ ಜಾಲವಾದ ವಿಲ್ಯಾನ್ 20ರಲ್ಲಿ, 192.168.20.0/24. ಅತಿಥಿಗಳಿಗೆ ನೆಟ್ ಸಿಗಬೇಕು, ಕ್ಯಾಮೆರಾ ಸಿಗಬಾರದು. ಹೊರಗಿನವರು ರೂಟರನ್ನು ಮುಟ್ಟಬಾರದು. ಯಜಮಾನರು ಶಿವಮೊಗ್ಗಕ್ಕೆ ಹೋದಾಗಲೂ ಮೊಬೈಲಿನಲ್ಲಿ ಅಂಗಳ ಕಾಣಬೇಕು. ಬೇಕಾದದ್ದು ಇಷ್ಟೇ.

ಮೈಕ್ರೋಟಿಕ್ ಅನ್ನು ಆರಿಸಿಕೊಂಡದ್ದು ಅದನ್ನು ನಿರ್ವಹಿಸುವ ವಿನ್‌ಬಾಕ್ಸ್ ಎಂಬ ಪ್ರೋಗ್ರಾಮಿನ ತೆರೆಯಲ್ಲಿ ಒಳಗಿನ ಕೆಲಸ ಮುಚ್ಚುಮರೆಯಿಲ್ಲದೆ ಕಾಣುತ್ತದೆ ಎಂಬ ಕಾರಣಕ್ಕೆ. ಬೇರೆ ಕಂಪನಿಯ ರೂಟರಾದರೂ ತತ್ವ ಇದೇ. ಒಂದು ಭೇದ ಮಾತ್ರ ನೆನಪಿರಲಿ: ಸಿಸ್ಕೋ ರೂಟರಿನ ಆಕ್ಸೆಸ್ ಲಿಸ್ಟ್ ಎಂಬ ನಿಯಮಪಟ್ಟಿಯ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು 'ಎಲ್ಲವನ್ನೂ ತಡೆ' ಇರುತ್ತದೆ. ಮೈಕ್ರೋಟಿಕ್‌ನಲ್ಲಿ ಅದಿಲ್ಲ. ಯಾವ ನಿಯಮಕ್ಕೂ ಹೊಂದದ ಪ್ಯಾಕೆಟ್ ಸೀದಾ ಒಳಗೆ ಹೋಗುತ್ತದೆ.

ಮೂರು ದಾರಿ

ಐಪಿ, ಫೈರ್‌ವಾಲ್, ಫಿಲ್ಟರ್ ರೂಲ್ಸ್ ತೆರೆದರೆ ಪ್ರತಿ ನಿಯಮಕ್ಕೂ ಒಂದು ಚೈನ್, ಅಂದರೆ ಪ್ಯಾಕೆಟ್ಟಿನ ದಾರಿ, ಇರುವುದು ಕಾಣುತ್ತದೆ. ರೂಟರಿಗೇ ಬರುವ ಪ್ಯಾಕೆಟ್ ಇನ್‌ಪುಟ್ ಚೈನ್‌ನಲ್ಲಿ ಹಾಯುತ್ತದೆ: ವಿನ್‌ಬಾಕ್ಸ್ ಲಾಗಿನ್, ಸೈಟಿನ ಹೆಸರಿಗೆ ಐಪಿ ವಿಳಾಸ ಯಾವುದೆಂದು ರೂಟರನ್ನು ಕೇಳುವ ಡಿಎನ್ಎಸ್ ಪ್ರಶ್ನೆ, ರೂಟರಿಗೆ ಹೊಡೆದ ಪಿಂಗ್. ರೂಟರನ್ನು ದಾಟಿ ಇನ್ನೊಂದು ಕಡೆಗೆ ಹೋಗುವುದು ಫಾರ್ವರ್ಡ್ ಚೈನ್‌ನಲ್ಲಿ. ಅತಿಥಿಯ ಮೊಬೈಲಿನಿಂದ ಇಂಟರ್ನೆಟ್ಟಿಗೆ, ಅತಿಥಿ ಜಾಲದಿಂದ ಕ್ಯಾಮೆರಾಕ್ಕೆ ಹೋಗುವುದೆಲ್ಲ ಇಲ್ಲಿ. ರೂಟರ್ ತಾನೇ ಹುಟ್ಟಿಸುವ ಪ್ಯಾಕೆಟ್ ಔಟ್‌ಪುಟ್ ಚೈನ್‌ನಲ್ಲಿ. ಈ ಮೂರನೆಯದನ್ನು ಮನೆ ಮಟ್ಟದಲ್ಲಿ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಕ್ಯಾಮೆರಾ ರೆಕಾರ್ಡರನ್ನು ಕಾಯಬೇಕೆಂದು ಇನ್‌ಪುಟ್ ಚೈನ್‌ನಲ್ಲಿ 192.168.88.20ಕ್ಕೆ ಡ್ರಾಪ್, ಅಂದರೆ ತಡೆ, ಹಾಕುವವರಿದ್ದಾರೆ. ಆ ವಿಳಾಸಕ್ಕೆ ಹೋಗುವ ಪ್ಯಾಕೆಟ್ ಇನ್‌ಪುಟ್‌ಗೆ ಬರುವುದೇ ಇಲ್ಲ, ನಿಯಮದ ಎದುರಿನ ಎಣಿಕೆ ವರ್ಷಗಟ್ಟಲೆ ಸೊನ್ನೆಯಾಗಿಯೇ ಕೂತಿರುತ್ತದೆ.

ಇನ್ನೂ ಒಂದು ದಾರಿ ಇದೆ, ಅದು ಈ ಪಟ್ಟಿಯಲ್ಲಿ ಕಾಣುವುದಿಲ್ಲ. ರೂಟರಿನ ಪೋರ್ಟುಗಳನ್ನು ಒಂದೇ ಜಾಲವಾಗಿ ಕೂಡಿಸುವುದು ಬ್ರಿಡ್ಜ್. ಒಂದೇ ಬ್ರಿಡ್ಜ್‌ನಲ್ಲಿರುವ ಎರಡು ಉಪಕರಣಗಳು ಮಾತಾಡಿಕೊಂಡರೆ ಆ ಪ್ಯಾಕೆಟ್ ಬ್ರಿಡ್ಜ್ ಮಟ್ಟದಲ್ಲೇ ಅತ್ತಿಂದಿತ್ತ ಹೋಗುತ್ತದೆ, ಐಪಿ ಫೈರ್‌ವಾಲ್ ಅದನ್ನು ನೋಡುವುದಿಲ್ಲ. ಅತಿಥಿಗಳ ವೈಫೈಗೆ ಹೆಸರು, ಪಾಸ್‌ವರ್ಡ್ ಬೇರೆ ಕೊಟ್ಟು ಅದನ್ನೂ ಮನೆಯ ಬ್ರಿಡ್ಜ್‌ಗೇ ಸೇರಿಸಿದ್ದರೆ ಫಾರ್ವರ್ಡ್ ಚೈನ್‌ನಲ್ಲಿ ಎಷ್ಟು ನಿಯಮ ಬರೆದರೂ ಅಷ್ಟೇ. ಅತಿಥಿಯ ಲ್ಯಾಪ್‌ಟಾಪಿಗೆ ರೆಕಾರ್ಡರಿನ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಬ್ರಿಡ್ಜ್ ಸೆಟ್ಟಿಂಗ್ಸ್‌ನಲ್ಲಿ ಐಪಿ ಫೈರ್‌ವಾಲ್ ಬಳಸುವ ಆಯ್ಕೆಯೊಂದಿದೆ, ಆದರೆ ಅದು ರೂಟರಿನ ವೇಗವನ್ನು ತಿನ್ನುತ್ತದೆ. ಬೇರೆ ವಿಲ್ಯಾನ್, ಬೇರೆ ಸಬ್‌ನೆಟ್ (ವಿಳಾಸಗಳ ಗುಂಪು) ಮಾಡುವುದೇ ಸರಿಯಾದ ಮದ್ದು. ಆಗ ಒಂದು ಜಾಲದಿಂದ ಇನ್ನೊಂದಕ್ಕೆ ಹೋಗಲು ರೂಟರನ್ನು ದಾಟಲೇಬೇಕಾಗುತ್ತದೆ.

ಈಥರ್1 ಎಂಬ ಬಲೆ

ನಮ್ಮ ಕಡೆಯ ಫೈಬರ್ ಸಂಪರ್ಕಗಳಲ್ಲಿ ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿ. ಕೇಬಲ್ ಬಂದಿರುವುದು ಈಥರ್1ಕ್ಕೆ, ನಿಜ. ಆದರೆ ಪಿಪಿಪಿಒಇ ಲಾಗಿನ್ ಆದ ಮೇಲೆ ಇಂಟರ್ನೆಟ್ಟಿನ ಐಪಿ ಪ್ಯಾಕೆಟ್ ಒಳಬರುವುದು ಪಿಪಿಪಿಒಇ-ಔಟ್1 ಎಂಬ ಇಂಟರ್‌ಫೇಸಿನಿಂದ, ಅಂದರೆ ಆ ಲಾಗಿನ್ನಿನಿಂದ ಹುಟ್ಟುವ ಬಾಗಿಲಿನಿಂದ. ಈಥರ್1ರಲ್ಲಿ ಓಡಾಡುವುದು ಪಿಪಿಪಿಒಇ ಹೊದಿಕೆ ಹೊದ್ದ ಫ್ರೇಮ್‌ಗಳು, ಐಪಿ ಫೈರ್‌ವಾಲ್ ಕಣ್ಣಿಗೆ ಅಲ್ಲಿ ಏನೂ ಇಲ್ಲ. 'ಇನ್ ಇಂಟರ್‌ಫೇಸ್ ಈಥರ್1, ಡ್ರಾಪ್' ಎಂದು ಬರೆದ ನಿಯಮ ನೋಡಲು ಗಟ್ಟಿಮುಟ್ಟಾಗಿರುತ್ತದೆ, ತಡೆಯುವುದು ಮಾತ್ರ ಏನನ್ನೂ ಇಲ್ಲ.

ಇದು ಸುಲಭವಾಗಿ ಪತ್ತೆಯಾಗದಿರುವುದಕ್ಕೆ ಕಾರಣ ಇದೆ. ಕಂಪನಿ ಕೊಡುವ ಮೂಲ ಸಂರಚನೆಯಲ್ಲಿ ಹೊರಗಿನ ಕಡೆಯ ಬಾಗಿಲುಗಳಿಗೆ ವ್ಯಾನ್ ಎಂಬ ಇಂಟರ್‌ಫೇಸ್ ಲಿಸ್ಟ್ ಇರುತ್ತದೆ, ಅದರೊಳಗೆ ಈಥರ್1 ಇರುತ್ತದೆ. ಪಿಪಿಪಿಒಇಯನ್ನು ಕೈಯಾರೆ ಸೇರಿಸಿದವರು ಹೊಸ ಇಂಟರ್‌ಫೇಸನ್ನು ಆ ಲಿಸ್ಟಿಗೆ ಹಾಕುವುದನ್ನು ಮರೆಯುತ್ತಾರೆ. ಒಳಗಿನ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸದ ಮರೆಯಲ್ಲಿ ಕಳಿಸುವ ಮಾಸ್ಕರೇಡ್ ಕೆಲಸ ಮಾಡದೆ ನೆಟ್ ಬರುವುದಿಲ್ಲ. ಆಗ ಪಿಪಿಪಿಒಇ-ಔಟ್1ಕ್ಕೆಂದೇ ಇನ್ನೊಂದು ಮಾಸ್ಕರೇಡ್ ನಿಯಮ ಹಾಕುತ್ತಾರೆ, ನೆಟ್ ಬರುತ್ತದೆ, ಬೈಕ್ ಹತ್ತಿ ಹೊರಡುತ್ತಾರೆ. ಹೊರಗಿನಿಂದ ಒಳಬರುವ ಫಾರ್ವರ್ಡ್ ಪ್ಯಾಕೆಟ್ ತಡೆಯಬೇಕಿದ್ದ ನಿಯಮ ಮಾತ್ರ ವ್ಯಾನ್ ಲಿಸ್ಟನ್ನೇ ನಂಬಿಕೊಂಡು ಹಿಂದೆ ಉಳಿದಿರುತ್ತದೆ.

ಹಾಗಾಗಿ ಇಂಟರ್‌ಫೇಸಸ್, ಇಂಟರ್‌ಫೇಸ್ ಲಿಸ್ಟ್‌ಗೆ ಹೋಗಿ ವ್ಯಾನ್‌ಗೆ ಪಿಪಿಪಿಒಇ-ಔಟ್1 ಸೇರಿಸಿ. ಈಥರ್1 ಕೂಡ ಇರಲಿ, ನಷ್ಟವಿಲ್ಲ. ಒಳಗಿನ ಕಡೆಯ ಲ್ಯಾನ್ ಲಿಸ್ಟಿನಲ್ಲಿ ಮನೆಯ ಬ್ರಿಡ್ಜ್ ಮಾತ್ರ ಇರಲಿ, ಅತಿಥಿ ವಿಲ್ಯಾನ್ ಬೇಡ. ನಿಯಮಗಳಲ್ಲಿ ಪೋರ್ಟಿನ ಹೆಸರು ಬರೆಯದೆ ಈ ಲಿಸ್ಟುಗಳ ಹೆಸರನ್ನೇ ಬರೆಯಿರಿ. ಓಎನ್‌ಟಿಯೇ ಪಿಪಿಪಿಒಇ ಲಾಗಿನ್ ಮಾಡಿಕೊಂಡು ನಿಮ್ಮ ರೂಟರಿಗೆ 192.168.1.x ವಿಳಾಸ ಕೊಡುತ್ತಿದ್ದರೆ ಆಗ ಈಥರ್1 ನಿಜವಾಗಿಯೂ ಹೊರಬಾಗಿಲು. ಅಲ್ಲಿ ನ್ಯಾಟ್ (ವಿಳಾಸ ಬದಲಿಸುವ ಕೆಲಸ) ಎರಡು ಸಲ ಆಗುತ್ತದೆ, ಹೊರಗಿನಿಂದ ಒಳಬರುವ ಯಾವ ಏರ್ಪಾಡಿಗೂ ಓಎನ್‌ಟಿಯಲ್ಲೂ ಕೈಹಾಕಬೇಕಾಗುತ್ತದೆ.

ಮೊದಲು ಹೊಂದಿದ್ದೇ ತೀರ್ಮಾನ

ಪ್ಯಾಕೆಟ್ ತನ್ನ ಚೈನ್‌ನ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಹಾಯುತ್ತದೆ. ಎಲ್ಲಿ ಅಕ್ಸೆಪ್ಟ್ ಅಥವಾ ಡ್ರಾಪ್ ಆಯಿತೋ ಅಲ್ಲಿಗೆ ಅದರ ಕಥೆ ಮುಗಿಯಿತು. ಅಡಿಕೆ ಆರಿಸುವಾಗ ಒಮ್ಮೆ ಬೆಟ್ಟೆಯ ಚೀಲಕ್ಕೆ ಬಿದ್ದದ್ದನ್ನು ಯಾರೂ ಮತ್ತೆ ಕೈಗೆತ್ತಿಕೊಂಡು ರಾಶಿಯೋ ಗೊರಬಲೋ ಎಂದು ನೋಡುವುದಿಲ್ಲವಲ್ಲ, ಹಾಗೆ. ಕೆಳಗಿನ ನಿಯಮ ಎಷ್ಟೇ ಖಡಕ್ಕಾಗಿರಲಿ, ಮೇಲಿನ ಸಡಿಲ ನಿಯಮ ಪ್ಯಾಕೆಟ್ಟನ್ನು ಬಿಟ್ಟುಕೊಟ್ಟ ಮೇಲೆ ಅದಕ್ಕೆ ಕೆಲಸವಿಲ್ಲ.

ಇನ್‌ಪುಟ್ ಚೈನ್‌ಗೆ ಈ ಕ್ರಮ ಸಾಕು:

1. ಕನೆಕ್ಷನ್ ಸ್ಟೇಟ್ ಎಸ್ಟಾಬ್ಲಿಷ್ಡ್, ರಿಲೇಟೆಡ್, ಅನ್‌ಟ್ರ್ಯಾಕ್ಡ್: ಅಕ್ಸೆಪ್ಟ್
2. ಕನೆಕ್ಷನ್ ಸ್ಟೇಟ್ ಇನ್‌ವ್ಯಾಲಿಡ್: ಡ್ರಾಪ್
3. ಪ್ರೋಟೊಕಾಲ್ ಐಸಿಎಂಪಿ: ಅಕ್ಸೆಪ್ಟ್
4. ಯುಡಿಪಿ ಪೋರ್ಟ್ 13231, ಹೊರಗಿನಿಂದ ಮನೆಯ ಜಾಲ ಸೇರುವ ವೈರ್‌ಗಾರ್ಡ್ ಸುರಂಗಕ್ಕಾಗಿ: ಅಕ್ಸೆಪ್ಟ್
5. ಇನ್ ಇಂಟರ್‌ಫೇಸ್ ಲಿಸ್ಟ್ ಲ್ಯಾನ್: ಅಕ್ಸೆಪ್ಟ್
6. ಅತಿಥಿ ವಿಲ್ಯಾನ್‌ನಿಂದ ಯುಡಿಪಿ 53 (ಡಿಎನ್ಎಸ್) ಮತ್ತು 67 (ವಿಳಾಸ ಪಡೆಯಲು): ಅಕ್ಸೆಪ್ಟ್
7. ಅತಿಥಿ ವಿಲ್ಯಾನ್‌ನಿಂದ ಟಿಸಿಪಿ 53: ಅಕ್ಸೆಪ್ಟ್
8. ಯಾವ ಷರತ್ತೂ ಇಲ್ಲದೆ: ಡ್ರಾಪ್

ಮೊದಲನೆಯದು ಮೇಲೇ ಇರುವುದಕ್ಕೆ ಕಾರಣ ವೇಗ. ಆಗಲೇ ನಡೆಯುತ್ತಿರುವ ಮಾತುಕತೆಯ ಪ್ಯಾಕೆಟ್‌ಗಳೇ ಸಂಖ್ಯೆಯಲ್ಲಿ ಹೆಚ್ಚು, ಅವು ಮೊದಲ ಹೆಜ್ಜೆಯಲ್ಲೇ ಪಾಸಾದರೆ ಉಳಿದ ನಿಯಮಗಳನ್ನು ಪರೀಕ್ಷಿಸುವ ಶ್ರಮ ರೂಟರಿಗೆ ತಪ್ಪುತ್ತದೆ. ಎಂಟನೆಯದು ಇಡೀ ಪಟ್ಟಿಯ ಜೀವ. ಟೆಲ್ನೆಟ್ ತಡೆ, ಎಫ್‌ಟಿಪಿ ತಡೆ, ಆ ದೇಶದ ಐಪಿ ತಡೆ ಎಂದು ಒಂದೊಂದಾಗಿ ಬರೆಯುತ್ತ ಹೋದರೆ ಮುಗಿಯುವ ಕೆಲಸವಲ್ಲ. ಬಿಡಬೇಕಾದದ್ದನ್ನು ಬರೆದು ಉಳಿದದ್ದಕ್ಕೆಲ್ಲ ಒಂದೇ ಬೀಗ ಹಾಕುವುದು ಜಾಣತನ.

ಈ ಬೀಗದ ಬೆಲೆ 2018ರಲ್ಲಿ ತಿಳಿಯಿತು. ವಿನ್‌ಬಾಕ್ಸ್ ಸೇವೆಯ ಒಂದು ದೋಷದಿಂದ ಯಾರು ಬೇಕಾದರೂ ರೂಟರಿನ ಪಾಸ್‌ವರ್ಡ್ ಫೈಲು ಓದಬಹುದಿತ್ತು. ಆ ವರ್ಷದ ಏಪ್ರಿಲ್‌ನಲ್ಲೇ 6.42.1 ಆವೃತ್ತಿಯಲ್ಲಿ ತಿದ್ದುಪಡಿ ಬಂದರೂ, ಅಪ್‌ಡೇಟ್ ಮಾಡದ, ವಿನ್‌ಬಾಕ್ಸ್‌ನ 8291 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟ ರೂಟರುಗಳು ತಿಂಗಳುಗಟ್ಟಲೆ ಬೇರೆಯವರ ಕೈಗೊಂಬೆಯಾದವು. ಹೊರಗಿನಿಂದ ಇನ್‌ಪುಟ್ ಮುಚ್ಚಿದ್ದ ರೂಟರುಗಳಲ್ಲಿ ದೋಷ ಇತ್ತು, ಅದರ ಹತ್ತಿರ ಹೋಗುವ ದಾರಿ ಇರಲಿಲ್ಲ.

ಡಿಎನ್ಎಸ್‌ನದೂ ಇದೇ ಜಾತಿಯ ತೊಂದರೆ. ಮನೆಯವರಿಗಾಗಿ ರೂಟರಿನಲ್ಲಿ 'ಅಲೋ ರಿಮೋಟ್ ರಿಕ್ವೆಸ್ಟ್ಸ್' ಆನ್ ಮಾಡಿರುತ್ತೀರಿ. ಅದಕ್ಕೆ ಮನೆ, ಹೊರಗು ಎಂಬ ಭೇದ ಗೊತ್ತಿಲ್ಲ, ಕೇಳಿದವರಿಗೆಲ್ಲ ಉತ್ತರ ಕೊಡುತ್ತದೆ. ಇನ್‌ಪುಟ್ ಮುಚ್ಚಿಲ್ಲದಿದ್ದರೆ ನಿಮ್ಮ ರೂಟರ್ ಬೇರೆಯವರ ಮೇಲೆ ನಡೆಯುವ ಡಿಎನ್ಎಸ್ ದಾಳಿಯನ್ನು ಹಿಗ್ಗಿಸುವ ತಮಟೆಯಾಗುತ್ತದೆ. ಹೊರಗೆ ಕಾಣುವ ಲಕ್ಷಣ ಇಷ್ಟೇ: ಯಾರೂ ಏನೂ ಡೌನ್‌ಲೋಡ್ ಮಾಡದಿದ್ದರೂ ಅಪ್‌ಲೋಡ್ ತುಂಬಿರುತ್ತದೆ, ಸಿಪಿಯು ಏರಿರುತ್ತದೆ.

ಜಾಲದ ದೋಷ-ಸೂಚನೆಗಳನ್ನು ಒಯ್ಯುವ ಐಸಿಎಂಪಿಯನ್ನು ಒಳಬಿಟ್ಟದ್ದು ಕಣ್ತಪ್ಪಿನಿಂದಲ್ಲ. ಪಿಪಿಪಿಒಇ 8 ಬೈಟ್ ತಿಂದು, ಪ್ಯಾಕೆಟ್ಟಿನ ಗರಿಷ್ಠ ಗಾತ್ರವಾದ ಎಂಟಿಯುವನ್ನು 1500ರಿಂದ 1492ಕ್ಕೆ ಇಳಿಸುತ್ತದೆ. ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಕಳಿಸು ಎಂದು ಹೇಳುವ ಸಂದೇಶ ಐಸಿಎಂಪಿಯಲ್ಲೇ ಬರುವುದು. 'ಭದ್ರತೆಗೆ' ಎಂದು ಎಲ್ಲ ಐಸಿಎಂಪಿ ಕೊಂದರೆ ಕೆಲವು ಸೈಟುಗಳು ಅರ್ಧ ತೆರೆದು ನಿಂತುಬಿಡುತ್ತವೆ, ಉಳಿದವು ಸರಿ ಇರುತ್ತವೆ, ಬೈಗುಳ ಫೈಬರ್ ಕಂಪನಿಗೆ ಬೀಳುತ್ತದೆ.

ಫಾರ್ವರ್ಡ್ ಚೈನ್‌ನ ಕ್ರಮವನ್ನು ರೆಕಾರ್ಡರನ್ನೇ ಹಿಡಿದುಕೊಂಡು ನೋಡೋಣ. ಮೇಲೆ ಎಸ್ಟಾಬ್ಲಿಷ್ಡ್, ರಿಲೇಟೆಡ್, ಅನ್‌ಟ್ರ್ಯಾಕ್ಡ್ ಅಕ್ಸೆಪ್ಟ್, ನಂತರ ಇನ್‌ವ್ಯಾಲಿಡ್ ಡ್ರಾಪ್. ಮೂರನೆಯದು ಸೋರ್ಸ್ 192.168.88.20, ಔಟ್ ಇಂಟರ್‌ಫೇಸ್ ಲಿಸ್ಟ್ ವ್ಯಾನ್, ಡ್ರಾಪ್. ರೆಕಾರ್ಡರಿಗೆ ಇಂಟರ್ನೆಟ್ಟಿನಲ್ಲಿ ಸ್ವಂತ ವ್ಯವಹಾರ ಏನೂ ಇರಬೇಕಿಲ್ಲ. ಸಮಯ ಬೇಕಾದರೆ ರೂಟರನ್ನೇ ಎನ್‌ಟಿಪಿ ಸರ್ವರ್ ಮಾಡಿ ಕೊಡಬಹುದು. 2016ರಲ್ಲಿ ಮಿರೈ ಎಂಬ ಹುಳು, ತಯಾರಕರು ಕೊಟ್ಟ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೆಕಾರ್ಡರುಗಳನ್ನೇ ಒಟ್ಟುಗೂಡಿಸಿ ದೊಡ್ಡ ದೊಡ್ಡ ಸೈಟುಗಳನ್ನು ಕೆಡವಿತ್ತು. ನಾಲ್ಕನೆಯದು ಲ್ಯಾನ್‌ನಿಂದ ವ್ಯಾನ್‌ಗೆ ಅಕ್ಸೆಪ್ಟ್, ಐದನೆಯದು ಅತಿಥಿ ವಿಲ್ಯಾನ್‌ನಿಂದ ವ್ಯಾನ್‌ಗೆ ಅಕ್ಸೆಪ್ಟ್, ಆರನೆಯದು ವೈರ್‌ಗಾರ್ಡ್ ಇಂಟರ್‌ಫೇಸಿನಿಂದ 192.168.88.20ಕ್ಕೆ ಅಕ್ಸೆಪ್ಟ್, ಕೊನೆಯಲ್ಲಿ ಡ್ರಾಪ್. ಅತಿಥಿ ಜಾಲದಿಂದ ಮನೆಯ ಜಾಲಕ್ಕೆ ತಡೆ ಎಂದು ಬೇರೆ ಬರೆಯಬೇಕಿಲ್ಲ. ಬಿಡು ಎಂದು ಯಾರೂ ಹೇಳಿಲ್ಲ, ಆದ್ದರಿಂದ ಕೊನೆಯ ಡ್ರಾಪ್ ನೋಡಿಕೊಳ್ಳುತ್ತದೆ. ಮೂರನೆಯದನ್ನು ನಾಲ್ಕನೆಯದರ ಕೆಳಗೆ ಎಳೆದು ಹಾಕಿದರೆ? ರೆಕಾರ್ಡರ್ ಕೂಡ ಲ್ಯಾನ್‌ನಲ್ಲೇ ಇರುವುದರಿಂದ ಅದರ ಪ್ಯಾಕೆಟ್ ನಾಲ್ಕರಲ್ಲೇ ಪಾಸಾಗಿ ಹೊರಗೆ ಹೋಗುತ್ತದೆ.

ಕ್ರಮ ಸರಿಯಾಗಿಟ್ಟ ಮೇಲೂ ಒಂದು ವಿಚಿತ್ರ ಕಾಣಿಸಬಹುದು: ಡ್ರಾಪ್ ಹಾಕಿದ ಮೇಲೂ ರೆಕಾರ್ಡರಿನ ಮೊಬೈಲ್ ಆ್ಯಪ್ ಸಲೀಸಾಗಿ ಓಡುತ್ತಿರುತ್ತದೆ. ನಿಯಮ ಕೆಟ್ಟಿಲ್ಲ. ಮುಂಚೆಯೇ ತೆರೆದಿದ್ದ ಸಂಪರ್ಕ ಎಸ್ಟಾಬ್ಲಿಷ್ಡ್ ಎಂಬ ಮೊದಲ ನಿಯಮದಲ್ಲೇ ಹಾದುಹೋಗುತ್ತಿದೆ. ಟಿಸಿಪಿ ಸಂಪರ್ಕವೊಂದು ಸುಮ್ಮನಿದ್ದರೂ ಮೂಲ ಸೆಟ್ಟಿಂಗಿನಲ್ಲಿ ಅದನ್ನು ರೂಟರ್ ಒಂದು ದಿನ ನೆನಪಿಟ್ಟುಕೊಳ್ಳುತ್ತದೆ. ಫೈರ್‌ವಾಲ್‌ನ ಕನೆಕ್ಷನ್ಸ್ ಪಟ್ಟಿಗೆ ಹೋಗಿ 192.168.88.20ರ ಸಾಲುಗಳನ್ನು ಅಳಿಸಿದರೆ ಮುಂದಿನ ಪ್ರಯತ್ನ ಹೊಸದಾಗಿ ಬಂದು ಡ್ರಾಪ್‌ಗೆ ಬಡಿಯುತ್ತದೆ.

ಮೂಲ ಸಂರಚನೆಯ ಫಾಸ್ಟ್‌ಟ್ರ್ಯಾಕ್ ನಿಯಮದ ಬಗ್ಗೆಯೂ ಒಂದು ಮಾತು. ಅದು ನಡೆಯುತ್ತಿರುವ ಸಂಪರ್ಕಗಳನ್ನು ಅಡ್ಡದಾರಿಯಲ್ಲಿ ಸಾಗಿಸಿ ಸಿಪಿಯು ಹೊರೆ ಇಳಿಸುತ್ತದೆ, ಆದರೆ ಆ ಅಡ್ಡದಾರಿಯಲ್ಲಿ ವೇಗಕ್ಕೆ ಮಿತಿ ಹಾಕುವ ಸಿಂಪಲ್ ಕ್ಯೂ ಇಲ್ಲ. ಅತಿಥಿಗಳಿಗೆ ತಲಾ 5 ಎಂಬಿಪಿಎಸ್ ಮಿತಿ ಹಾಕಿದರೂ ಅದು ಹಿಡಿಯುತ್ತಿಲ್ಲ ಎಂದರೆ ಮೊದಲ ಅನುಮಾನ ಇದರ ಮೇಲಿರಲಿ. ಅತಿಥಿ ಜಾಲವನ್ನು ಫಾಸ್ಟ್‌ಟ್ರ್ಯಾಕ್‌ನಿಂದ ಹೊರಗಿಡಿ, ಇಲ್ಲವೇ ಆ ನಿಯಮವನ್ನೇ ಆಫ್ ಮಾಡಿ.

ಹೊರಗಿನಿಂದ ಅಂಗಳ ನೋಡುವುದು

ರೆಕಾರ್ಡರಿನ ಪೋರ್ಟನ್ನೇ ಇಂಟರ್ನೆಟ್ಟಿಗೆ ತೆರೆಯುವುದು ಹಳೆಯ ಪದ್ಧತಿ, ಕೆಟ್ಟ ಪದ್ಧತಿ ಕೂಡ. ತೆರೆಯಲೇಬೇಕಾದ ಸಂದರ್ಭ ಬಂದರೆ ಒಂದು ವಿಷಯ ನೆನಪಿಡಿ: ಡಿಎಸ್‌ಟಿ-ನ್ಯಾಟ್ ಫಿಲ್ಟರಿಗಿಂತ ಮುಂಚೆ ನಡೆಯುತ್ತದೆ. ಹೊರಗಿನ 8554ನ್ನು ಒಳಗಿನ 192.168.88.20ರ 554ಕ್ಕೆ ತಿರುಗಿಸಿದರೆ ಫಾರ್ವರ್ಡ್ ನಿಯಮಕ್ಕೆ ಕಾಣುವುದು 554 ಮಾತ್ರ. 8554 ಎಂದು ಬರೆದ ಅಕ್ಸೆಪ್ಟ್ ನಿಯಮಕ್ಕೆ ಯಾವ ಪ್ಯಾಕೆಟ್ಟೂ ಸಿಗದು.

ವೈರ್‌ಗಾರ್ಡ್ ಇದಕ್ಕಿಂತ ಎಷ್ಟೋ ಮೇಲು, ಮೈಕ್ರೋಟಿಕ್‌ನ ತಂತ್ರಾಂಶವಾದ ರೂಟರ್‌ಓಎಸ್ 7ರಲ್ಲಿ ಅದು ಒಳಗೇ ಇದೆ. ಗುರುತಿಲ್ಲದ ಕೀಲಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಪೋರ್ಟ್ ಹುಡುಕುವವರಿಗೆ ಅಲ್ಲೇನೋ ಇದೆ ಎಂದು ಗೊತ್ತಾಗುವುದಿಲ್ಲ. ಆದರೆ ಮೊದಲು ಪಿಪಿಪಿಒಇ-ಔಟ್1ಕ್ಕೆ ಸಿಕ್ಕಿರುವ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಫೈಬರ್ ಕಂಪನಿಯ ದೊಡ್ಡ ನ್ಯಾಟ್ ಹಿಂದೆ ಇದ್ದೀರಿ. ಇಲ್ಲಿ ಏನೇ ನಿಯಮ ಬರೆದರೂ ಹೊರಗಿನ ಪ್ಯಾಕೆಟ್ ಇಲ್ಲಿಯವರೆಗೆ ಬರುವುದಿಲ್ಲ. ಸಾರ್ವಜನಿಕ ಐಪಿ ಕೇಳಿ ಪಡೆಯಬೇಕು, ಇಲ್ಲವೇ ಹೊಸ ಪೀಳಿಗೆಯ ವಿಳಾಸ ಪದ್ಧತಿಯಾದ ಐಪಿವಿ6 ಮೇಲೆ ವೈರ್‌ಗಾರ್ಡ್ ನಡೆಸಬೇಕು.

ಐಪಿವಿ6 ಎಂದಾಗ ಎಚ್ಚರ ಬೇಕು, ಅದರ ಫೈರ್‌ವಾಲ್ ಪಟ್ಟಿಯೇ ಬೇರೆ. ಐಪಿವಿ4ರಲ್ಲಿ ಬರೆದ ಒಂದು ನಿಯಮವೂ ಅಲ್ಲಿ ಅನ್ವಯಿಸದು. ಐಪಿವಿ4ರಲ್ಲಿ ಫಾರ್ವರ್ಡ್ ತೆರೆದಿದ್ದರೂ ನ್ಯಾಟ್‌ನ ಮರೆ ಅಷ್ಟಿಷ್ಟು ಕಾಪಾಡುತ್ತದೆ. ಐಪಿವಿ6ರಲ್ಲಿ ಅತಿಥಿಯ ಮೊಬೈಲಿಗೂ ನಿಮ್ಮ ರೆಕಾರ್ಡರಿಗೂ ಇಡೀ ಜಗತ್ತಿಗೆ ಕಾಣುವ ವಿಳಾಸ ಇರುತ್ತದೆ. ಐಪಿವಿ6, ಫೈರ್‌ವಾಲ್ ತೆರೆದು ನೋಡಿ. ಪಟ್ಟಿ ಖಾಲಿ ಇದ್ದರೆ ಮೇಲಿನ ಕ್ರಮವನ್ನೇ ಅಲ್ಲಿಯೂ ಬರೆಯಿರಿ, ಎರಡು ಬದಲಾವಣೆಗಳೊಂದಿಗೆ. ಐಸಿಎಂಪಿವಿ6 ಅನ್ನು ಇನ್‌ಪುಟ್, ಫಾರ್ವರ್ಡ್ ಎರಡರಲ್ಲೂ ಬಿಡಬೇಕು. ನೆರೆಯ ಉಪಕರಣವನ್ನು ಹುಡುಕುವ ಕೆಲಸವೂ ಅದರಲ್ಲೇ ನಡೆಯುವುದರಿಂದ ಅದನ್ನು ತಡೆದರೆ ಐಪಿವಿ6 ಪೂರ್ತಿ ನಿಲ್ಲುತ್ತದೆ. ಫೈಬರ್ ಕಂಪನಿಯಿಂದ ಪ್ರಿಫಿಕ್ಸ್ (ಐಪಿವಿ6 ವಿಳಾಸಗಳ ಗುಂಪು) ಪಡೆಯಲು ಇನ್‌ಪುಟ್‌ನಲ್ಲಿ ಯುಡಿಪಿ 546 ಕೂಡ ಬಿಡಬೇಕು.

ಬೀಗ ಹಾಕಿ ಕೀಲಿ ಒಳಗೆ ಬಿಡದಿರಲು

ಶಿವಮೊಗ್ಗದಲ್ಲಿ ಕೂತು ತೀರ್ಥಹಳ್ಳಿ ಆಚೆಯ ರೂಟರಿಗೆ ನಿಯಮ ಬರೆಯುವಾಗ ಉಳಿದ ಸಾಲುಗಳಿಗಿಂತ ಮುಂಚೆ ಎಂಟನೆಯ ಸಾಲು ಬಿದ್ದರೆ ಮಳೆಯಲ್ಲಿ ಮಂಡಗದ್ದೆ ದಾಟಿ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕಾಗುತ್ತದೆ. ಅದಕ್ಕೇ ಸೇಫ್ ಮೋಡ್ ಇರುವುದು. ವಿನ್‌ಬಾಕ್ಸ್‌ನ ಮೇಲ್ಭಾಗದಲ್ಲಿ ಆ ಗುಂಡಿ ಇದೆ, ಟರ್ಮಿನಲ್‌ನಲ್ಲಿ ಕಂಟ್ರೋಲ್ ಎಕ್ಸ್. ಅದನ್ನು ಒತ್ತಿ ಕೆಲಸ ಶುರುಮಾಡಿ. ಸಂಪರ್ಕ ಕಡಿದುಹೋದರೆ ರೂಟರ್ ಅಲ್ಲಿಂದೀಚೆಗಿನ ಬದಲಾವಣೆಗಳನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಸಂಪರ್ಕ ಸತ್ತಿದೆ ಎಂದು ಅದಕ್ಕೆ ಖಾತ್ರಿಯಾಗಲು ಸುಮಾರು 9 ನಿಮಿಷ ಹಿಡಿಯುತ್ತದೆ, ಹಾಗಾಗಿ ತಕ್ಷಣ ಗಾಬರಿಯಾಗದೆ ಹತ್ತು ನಿಮಿಷ ಕಾದು ಮತ್ತೆ ಲಾಗಿನ್ ಮಾಡಿ. ಎಲ್ಲ ಸರಿ ಇದ್ದರೆ ಸೇಫ್ ಮೋಡ್‌ನಿಂದ ಹೊರಬರುವುದನ್ನು ಮರೆಯಬೇಡಿ. ಮರೆತು ಲ್ಯಾಪ್‌ಟಾಪ್ ಮುಚ್ಚಿದರೆ ಮಾಡಿದ್ದೆಲ್ಲ ಹೋಗುತ್ತದೆ.

ಸ್ಥಳದಲ್ಲೇ ಇದ್ದು ಸಿಕ್ಕಿಹಾಕಿಕೊಂಡರೆ ಕೇಬಲ್ ಚುಚ್ಚಿ, ವಿನ್‌ಬಾಕ್ಸ್‌ನ ನೇಬರ್ಸ್ ಪಟ್ಟಿಯಲ್ಲಿ ಐಪಿ ಬದಲು ಮ್ಯಾಕ್ ವಿಳಾಸ ಒತ್ತಿ. ಆ ದಾರಿಗೆ ಐಪಿ ಫಿಲ್ಟರ್ ಅಡ್ಡ ಬರುವುದಿಲ್ಲ. ಅದೇ ಕಾರಣಕ್ಕೆ ಟೂಲ್ಸ್, ಮ್ಯಾಕ್ ಸರ್ವರ್‌ನಲ್ಲಿ ಅದನ್ನು ಲ್ಯಾನ್ ಲಿಸ್ಟಿಗೆ ಮಾತ್ರ ಸೀಮಿತಗೊಳಿಸಿರಬೇಕು.

ಪರೀಕ್ಷೆ ಮಾಡುವಾಗ ಮನೆಯ ವೈಫೈಯಲ್ಲಿ ಕೂತು ಸಾರ್ವಜನಿಕ ಐಪಿಗೆ ಪ್ರಯತ್ನಿಸಬೇಡಿ. ಪ್ಯಾಕೆಟ್ ಲ್ಯಾನ್ ಕಡೆಯಿಂದ ಬಂದದ್ದರಿಂದ ಐದನೆಯ ನಿಯಮದಲ್ಲಿ ಪಾಸಾಗಿ, 8291 ತೆರೆದಿದೆ ಎಂದು ಸುಳ್ಳು ಹೆದರಿಕೆ ಹುಟ್ಟಿಸುತ್ತದೆ. ಮೊಬೈಲ್ ಡೇಟಾದಿಂದ ನೋಡಬೇಕು. ಗುಡ್ಡದ ಕೆಳಗಿನ ಮನೆಗಳಲ್ಲಿ ಸಿಗ್ನಲ್ ಇರದು, ಪೇಟೆಯಲ್ಲಿರುವ ಪರಿಚಯದವರಿಂದ ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಓಡಿಸಿದರೆ ಆಯಿತು. ಅದಕ್ಕೆ ಮುಂಚೆ ಎಣಿಕೆಗಳನ್ನು ಸೊನ್ನೆ ಮಾಡಿಕೊಳ್ಳಿ. ಅವರು ಹೊರಗಿನಿಂದ ತಟ್ಟುತ್ತಿದ್ದಂತೆ ಎಂಟನೆಯ ನಿಯಮದ ಪ್ಯಾಕೆಟ್ ಎಣಿಕೆ ಏರಬೇಕು. ಏರದಿದ್ದರೆ ಒಂದೋ ಮೇಲಿನ ಯಾವುದೋ ನಿಯಮ ಅದನ್ನು ಬಿಟ್ಟಿದೆ, ಅಥವಾ ಪ್ಯಾಕೆಟ್ ರೂಟರ್ ತನಕ ಬಂದೇ ಇಲ್ಲ. ಟೂಲ್ಸ್‌ನಲ್ಲಿ ಹಾಯುವ ಪ್ಯಾಕೆಟ್ ತೋರಿಸುವ ಟಾರ್ಚ್ ಅನ್ನು ಪಿಪಿಪಿಒಇ-ಔಟ್1 ಮೇಲೆ ಹಚ್ಚಿದರೆ ಎರಡರಲ್ಲಿ ಯಾವುದು ಎಂದು ಗೊತ್ತಾಗುತ್ತದೆ.

ಕೊನೆಗೆ ಕರೆಂಟಿನ ವಿಚಾರ. ಈ ರೂಟರುಗಳಲ್ಲಿ ಹೆಚ್ಚಿನವಕ್ಕೆ ಗಡಿಯಾರದ ಬ್ಯಾಟರಿ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೆ ಸಮಯ ತಪ್ಪಿರುತ್ತದೆ, ರಾತ್ರಿ 11ರ ಮೇಲೆ ಮಕ್ಕಳ ಟ್ಯಾಬ್‌ಗೆ ನೆಟ್ ಬೇಡ ಎಂಬಂಥ ಸಮಯದ ನಿಯಮಗಳು ಹಗಲಲ್ಲಿ ಕೆಲಸ ಮಾಡತೊಡಗುತ್ತವೆ. ಎನ್‌ಟಿಪಿ ಕ್ಲೈಂಟ್ ಆನ್ ಇರಲಿ. ಮೆಮೊರಿಯಲ್ಲಿರುವ ಲಾಗ್ ಕೂಡ ರೀಬೂಟ್ ಆದಾಗ ಅಳಿಸಿಹೋಗುತ್ತದೆ, ಬೇಕಾದದ್ದನ್ನು ಡಿಸ್ಕಿಗೆ ಬರೆಸಿ. ಸಿಡಿಲು ಹೊಡೆದರೆ ಯಾವ ನಿಯಮವೂ ಕಾಯದು, ಆದ್ದರಿಂದ ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಬೇರೆ ಕಡೆ ಇಟ್ಟುಕೊಳ್ಳಿ. ಅದು ಓದಲು ಬರುವ ಪಠ್ಯ, ಬೇರೆ ಮಾದರಿಯ ರೂಟರಿಗೂ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಹಾಕಬಹುದು. ಬ್ಯಾಕಪ್ ಫೈಲು ಅದೇ ಉಪಕರಣಕ್ಕೆ ಮಾತ್ರ. ಆವೃತ್ತಿ 7ರಲ್ಲಿ ಎಕ್ಸ್‌ಪೋರ್ಟ್ ಪಾಸ್‌ವರ್ಡುಗಳನ್ನು ಬಿಟ್ಟು ಬರೆಯುತ್ತದೆ, ಹಾಗಾಗಿ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ವೈರ್‌ಗಾರ್ಡ್ ಕೀಲಿಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು.